ಉಪನ್ಯಾಸದ ನಂತರ ಪ್ರಶ್ನೆಗಳಿಲ್ಲ

ವೆತುರಿಯಾ ಬುಸುಯೋಕ್ ಅವರ ಬಲಗೈ ಎಡಗೈಗಿಂತ ಉದ್ದವೆಂದು ರಾಜಧಾನಿ ಬುಖಾರೆಸ್ತಿನ ಭೂವಿಜ್ಞಾನಿಗಳು ತಮಾಷೆ ಮಾಡುತ್ತಿದ್ದರು; ಯೌವನದಿಂದಲೂ ಸಭೆ ಸಭೆಯಲ್ಲಿ ಎತ್ತಿ ಎತ್ತಿ ಅದು ಹಾಗೆ ಬೆಳೆದುಬಿಟ್ಟಿದೆಯಂತೆ. ಯಾರದೇ ಉಪನ್ಯಾಸವಿರಲಿ, ಮುಂದಿನ ಸಾಲಿನ ಎಡತುದಿಯ ಕುರ್ಚಿ ಅವರದು. ಭಾಷಣಕಾರ ಕೊನೆಯ ಚಿತ್ರ ತೋರಿಸಿ, ಕೃತಜ್ಞತೆ ಹೇಳಿ, ಉಳಿದವರ ಕೈಗಳೆಲ್ಲ ಚಪ್ಪಾಳೆಗೆ ಅಣಿಯಾಗುತ್ತಿರುವಾಗ ಈ ಒಂದು ಕೈ ಮಾತ್ರ ನೆಟ್ಟಗೆ ಮೇಲೇಳುತ್ತಿತ್ತು. ನಮ್ಮ ನಿಮ್ಮಂತೆ, ಕೇಳಲೋ ಬೇಡವೋ ಎಂದು ಕಿವಿಯ ಪಕ್ಕದಲ್ಲಿ ಅರ್ಧಕ್ಕೆ ನಿಲ್ಲುವ ಕೈಯಲ್ಲ ಅದು. ಅಧ್ಯಕ್ಷರು ಗಮನಿಸುವ ತನಕ ಇಳಿಯುತ್ತಿರಲಿಲ್ಲ, ಅಧ್ಯಕ್ಷರು ಬೇಕೆಂದೇ ಬೇರೆ ಕಡೆ ನೋಡಿದರೆ ಅವರ ಕತ್ತು ನೋಯುವ ತನಕವೂ ಇಳಿಯುತ್ತಿರಲಿಲ್ಲ. ಆಮೇಲೆ ಎದ್ದುನಿಂತು ಆಡುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ: "ನಂಗೊಂದು ಅರ್ಥ ಆಗ್ಲಿಲ್ಲ." ಈ ವಿನಯದ ಮಾತಿಗೆ ನಡುಗದ ಭೂವಿಜ್ಞಾನಿ ನಮ್ಮ ದೇಶದಲ್ಲಿರಲಿಲ್ಲ. ದೂರದ ಊರುಗಳಾದ ಕ್ಲುಜ್‌ನಿಂದಲೋ ಯಾಶ್‌ನಿಂದಲೋ ಮೊದಲ ಬಾರಿಗೆ ಪ್ರಬಂಧ ಓದಲು ಬಂದ ಸಂಶೋಧಕರು ರೈಲಿಳಿದೊಡನೆ ಹೋಟೆಲಿನ ವಿಳಾಸ ಕೇಳುತ್ತಿರಲಿಲ್ಲ, "ಮೇಡಂ ಬರ್ತಾರಾ?" ಎಂದು ಕೇಳುತ್ತಿದ್ದರು.

ಕೇಳದಿರುವುದೇ ಅವಮಾನ ಎಂಬುದು ಅವರ ಸಿದ್ಧಾಂತ. ಒಮ್ಮೆ ವಿದೇಶದ ಮಹನೀಯರೊಬ್ಬರು ಬಂದು, ಹಳೆಯ ಸರಕನ್ನೇ ಹೊಸ ಬಣ್ಣದಲ್ಲಿ ತೋರಿಸಿ ಕುಳಿತಾಗ ವೆತುರಿಯಾ ಕೈ ಎತ್ತಲಿಲ್ಲ. ಸುಮ್ಮನೆ ಜೇಬಿನಿಂದ ಎರಡು ಅಕ್ರೋಟು ತೆಗೆದು, ಅಂಗೈಯಲ್ಲಿ ಒಂದಕ್ಕೊಂದು ಒತ್ತಿ ಪಟ್ಟೆಂದು ಒಡೆದು ತಿನ್ನತೊಡಗಿದರು. ಪಾಪ, ಆ ಅತಿಥಿ ತಾನು ಬಚಾವಾದೆನೆಂದುಕೊಂಡು ನಕ್ಕರು. ಊಟದ ಹೊತ್ತಿಗೆ ಆ ಮೌನದ ಅರ್ಥವನ್ನು ಯಾರೋ ಅವರ ಕಿವಿಯಲ್ಲಿ ಹೇಳಿದರು. ತಟ್ಟೆಯಲ್ಲಿದ್ದುದನ್ನು ಅವರು ಮುಟ್ಟಲಿಲ್ಲ.

ನಾನು ಈ ವಿಜ್ಞಾನದವನಲ್ಲ. ಭೂವಿಜ್ಞಾನಿಗಳ ಸಂಘದ ವಾರ್ಷಿಕ ಸಂಪುಟದ ಭಾಷೆ ತಿದ್ದುವುದು ನನ್ನ ಕೆಲಸ. ಅದಕ್ಕಿಂತ ಹೆಚ್ಚಾಗಿ, ಅವರ ಕೆಳಗಿನ ಮನೆಯವನು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಕೆಳಗಿನ ಮನೆಯವ್ರೇ" ಎಂದು ಮೆಟ್ಟಿಲ ಮೇಲಿಂದ ಒಂದು ಕೂಗು ಬಂದರೆ ನಾನು ಬಾಗಿಲು ತೆರೆಯಬೇಕು, ಅಷ್ಟೇ. ನಮ್ಮ ಕಟ್ಟಡದ ಹೆಬ್ಬಾಗಿಲ ಪಕ್ಕದಲ್ಲಿ ನಗರಾಡಳಿತದವರು ಅಂಟಿಸಿದ ದುಂಡನೆಯ ಕೆಂಪು ಗುರುತಿದೆ. ಮುಂದಿನ ದೊಡ್ಡ ಭೂಕಂಪದಲ್ಲಿ ಈ ಮನೆ ನಿಲ್ಲುವ ಭರವಸೆಯಿಲ್ಲ ಎಂದು ಅದರ ಅರ್ಥ. ಊರ ನಡುವಿನ ಹಳೆಯ ಕಟ್ಟಡಗಳಿಗೆಲ್ಲ ಅದಿದೆ. ಹಣೆಯ ಬೊಟ್ಟನ್ನು ಮರೆತಂತೆ ನಾವೂ ಅದನ್ನು ಮರೆತಿದ್ದೇವೆ. ಆದರೆ ನೆಲದಡಿ ಏನಾಗುತ್ತಿದೆ ಎಂಬುದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲ ಹೆಂಗಸು ಆ ಕಟ್ಟಡದ ತುತ್ತತುದಿಯ ಅಂತಸ್ತಿನಲ್ಲಿ ಇರುವುದೇಕೆ? ಒಮ್ಮೆ ತಡೆಯಲಾರದೆ ಬೈದೇಬಿಟ್ಟೆ.

"ನಾನು ಮನೆ ಬಿಟ್ರೆ ಜನ ಏನಂತಾರೆ ಹೇಳಿ," ಎಂದರು. "ಆಯಮ್ಮನಿಗೆ ಏನೋ ಗೊತ್ತಾಗಿದೆ ಅಂತ ಇಡೀ ಬೀದಿ ಗಂಟುಮೂಟೆ ಕಟ್ಟುತ್ತೆ. ನೀವೇ ಮೊದಲು ಓಡ್ತೀರಿ."

ಅದು ಬರಿಯ ಮಾತಲ್ಲ. ಬ್ರಾಯಿಲಾದಲ್ಲಿರುವ ತಂಗಿಯ ಮನೆಗೆ ಅವರು ಪೆಟ್ಟಿಗೆ ಹಿಡಿದು ಹೊರಟ ದಿನ ಮೂಲೆಯ ಬೇಕರಿಯ ಹೆಂಗಸು ಬಾಗಿಲಿಗೆ ಅಡ್ಡ ನಿಂತು, "ಮೇಡಂ, ನಿಜ ಹೇಳಿ, ನಾನು ನನ್ ಮಕ್ಕಳನ್ನ ಕರ್ಕೊಂಡು ಬಯಲಲ್ಲಿ ಮಲಗ್ಲಾ?" ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಅಂದಿನಿಂದ ವೆತುರಿಯಾ ಊರಿಗೆ ಹೋಗುವಾಗ ಬಟ್ಟೆಗಳನ್ನು ತರಕಾರಿ ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ.

ಲಿಫ್ಟನ್ನು ಅವರು ಹತ್ತುವುದಿಲ್ಲ. ಮೆಟ್ಟಿಲೇರುವಾಗ ಮುಂದಕ್ಕೆ ಬಾಗಿ, ಒಂದೊಂದು ಹೆಜ್ಜೆಯನ್ನೂ ಊರಿ, ಅದು ಭದ್ರವೆಂದು ಖಾತ್ರಿಯಾದ ಮೇಲೆ ಮುಂದಿನದನ್ನಿಡುವ ನಡಿಗೆ ಅವರದು. ಬೆಟ್ಟ ಹತ್ತಿ ಹತ್ತಿ ರೂಢಿಯಾದದ್ದು ಸಮತಟ್ಟಾದ ಬೀದಿಯಲ್ಲೂ ಬಿಟ್ಟಿಲ್ಲ. ಮೈಮೇಲೆ ಚಳಿಗಾಲವಿಡೀ ಒಂದು ತೋಳಿಲ್ಲದ ಕುರಿತೊಗಲಿನ ಅಂಗಿ. ವ್ರಾಂಚಾ ಬೆಟ್ಟಗಳಲ್ಲಿ ಕಂಪನ ಅಳೆಯುವ ಯಂತ್ರಗಳನ್ನು ಹೂಳುತ್ತ ಅಲೆಯುತ್ತಿದ್ದ ಕಾಲದಲ್ಲಿ ಕೊಂಡದ್ದು. ಮಳೆ ಬಂದರೆ ಅದರಿಂದ ಕುರಿಹಟ್ಟಿಯ ವಾಸನೆ ಏಳುತ್ತದೆ. ವಿಜ್ಞಾನ ಅಕಾಡೆಮಿಯ ಅಮೃತಶಿಲೆಯ ಹಜಾರದಲ್ಲೂ ಎದ್ದಿದೆ. ಸಚಿವರೊಬ್ಬರು ಮೂಗು ಮುಚ್ಚಿಕೊಂಡದ್ದನ್ನು ನೋಡಿ ನಾನು ಸಂತೋಷಪಟ್ಟಿದ್ದೇನೆ.

ಸಾವಿರದೊಂಬೈನೂರ ಎಪ್ಪತ್ತೇಳರ ಮಾರ್ಚಿನ ಭೂಕಂಪದಲ್ಲಿ ಊರಿನ ನಡುವೆ ಕುಸಿದ ಮನೆಗಳಲ್ಲೊಂದರ ಅಡಿಯಲ್ಲಿ ಅವರನ್ನು ಸಾಕಿ ಬೆಳೆಸಿದ ಸೋದರತ್ತೆ ಇದ್ದರು. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಹುಳಿಸೊಪ್ಪಿನ ಸಾರು ಕಲಕುತ್ತ, ಬೆನ್ನು ತಿರುಗಿಸಿಕೊಂಡು. ಆಗ ಅವರಿನ್ನೂ ವಿದ್ಯಾರ್ಥಿನಿ, ಪ್ರಾಧ್ಯಾಪಕರನ್ನು "ಇದು ಯಾಕೆ ಆಯ್ತು?" ಎಂದು ಕೇಳಿದಾಗ ಅವರು ಪುಸ್ತಕದಲ್ಲಿದ್ದ ಉತ್ತರ ಕೊಟ್ಟರಂತೆ. ಆ ಉತ್ತರ ತೃಪ್ತಿ ಕೊಡಲಿಲ್ಲ. ಉಳಿದ ಆಯುಸ್ಸನ್ನೆಲ್ಲ ಅವರು ಅದೇ ಪ್ರಶ್ನೆಗೆ ಒತ್ತೆಯಿಟ್ಟರು.

ಅದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ವ್ರಾಂಚಾ ಬೆಟ್ಟಗಳ ಕೆಳಗೆ, ಬಹಳ ಆಳದಲ್ಲಿ, ಯಾವುದೋ ಕಾಲದ ಕಡಲ ತಳವಾಗಿದ್ದ ದೈತ್ಯ ಚಪ್ಪಡಿಯೊಂದು ನೆಟ್ಟಗೆ ಕೆಳಮುಖವಾಗಿ ಮುಳುಗುತ್ತಿದೆ; ಅದು ಸಿಡಿದಾಗಲೆಲ್ಲ ಬುಖಾರೆಸ್ತು ನಡುಗುತ್ತದೆ. ಇಷ್ಟರಲ್ಲಿ ಎಲ್ಲರಿಗೂ ಒಮ್ಮತ. ಆದರೆ ಆ ಚಪ್ಪಡಿ ಮೇಲಿನ ನೆಲಕ್ಕೆ ಇನ್ನೂ ಅಂಟಿಕೊಂಡು, ಹಗ್ಗಕ್ಕೆ ಹಾಕಿದ ಒದ್ದೆ ಕಂಬಳಿಯಂತೆ ಜಗ್ಗುತ್ತಿದೆಯೋ, ಅಥವಾ ಆಗಲೇ ಕಳಚಿಕೊಂಡು ತನ್ನ ಪಾಡಿಗೆ ಮುಳುಗುತ್ತಿದೆಯೋ? ಅಂಟಿಕೊಂಡಿದೆ ಎಂದು ವೆತುರಿಯಾ. ಕಳಚಿದೆ ಎಂದು ಅಕೀಮ್ ಲೂಂಗು. ಮುಂದಿನ ಕಂಪನ ಎಷ್ಟು ದೊಡ್ಡದಾದೀತು, ನಗರದ ಯಾವ ಭಾಗವನ್ನು ಹೆಚ್ಚು ಅಲುಗಿಸೀತು ಎಂಬ ಲೆಕ್ಕಕ್ಕೆಲ್ಲ ಈ ಒಂದು ಮಾತು ಬುನಾದಿ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಅಕೀಮ್ ಎತ್ತರದ ಆಳು; ಅತಿಸೌಮ್ಯ ಸ್ವರದಲ್ಲಿ ಅತಿಕ್ರೂರವಾದ ಆಕ್ಷೇಪ ಎತ್ತುವ ಕಲೆ ಅವರಿಗೆ ಸಿದ್ಧಿಸಿತ್ತು. ಹರೆಯದಲ್ಲಿ ಇಬ್ಬರೂ ಒಟ್ಟಿಗೆ ಬೆಟ್ಟ ಹತ್ತಿ, ಒಂದೇ ಗುದ್ದಲಿಯಿಂದ ಯಂತ್ರಗಳನ್ನು ಹೂತವರು. ಆಮೇಲೆ ಅವೇ ಯಂತ್ರಗಳ ದಾಖಲೆಯಿಂದ ಒಬ್ಬರಿಗೆ ಕೊಂಡಿ ಕಂಡಿತು, ಇನ್ನೊಬ್ಬರಿಗೆ ಬಿರುಕು ಕಂಡಿತು. ಸಭೆಗಳಲ್ಲಿ ಅವರಿಬ್ಬರ ಜಗಳ ಕೇಳಲೆಂದೇ ಬೇರೆ ವಿಭಾಗದವರು ಬಂದು ಹಿಂದೆ ನಿಲ್ಲುತ್ತಿದ್ದರು. ಸಭೆ ಮುಗಿದೊಡನೆ ಇಬ್ಬರೂ ಪಕ್ಕದ ಗಲ್ಲಿಯ ಅಂಗಡಿಗೆ ಹೋಗಿ, ಕೆಂಡದ ಮೇಲೆ ಸುಟ್ಟ ಮಾಂಸದುಂಡೆಗೆ ಸಾಸಿವೆ ಹಚ್ಚಿಕೊಂಡು ತಿನ್ನುತ್ತ ಜಗಳವನ್ನು ಮುಂದುವರಿಸುತ್ತಿದ್ದರು.

ವಯಸ್ಸಾದಂತೆ ಅಕೀಮ್ ಸುಮ್ಮನಾದರು. ಎದೆಯ ಶಸ್ತ್ರಚಿಕಿತ್ಸೆಯಾಯಿತು, ಹೆಂಡತಿ ತೀರಿಕೊಂಡರು, ಮಗಳು "ಅಪ್ಪ, ನೀನಿನ್ನು ಯಾರ ಜತೆಗೂ ವಾದ ಮಾಡ್ಬೇಡ" ಎಂದು ಆಣೆ ಹಾಕಿಸಿಕೊಂಡಳು. ಅವರೊಂದಿಗೆ ಉಳಿದವರೂ ಸುಮ್ಮನಾದರು. ವೆತುರಿಯಾಗೆ ಎಪ್ಪತ್ತು ತುಂಬಿದ ಮೇಲೆ ಅವರ ಮಾತಿಗೆ ಎದುರು ಮಾತೇ ನಿಂತುಹೋಯಿತು. ಅವರು ಏನು ಹೇಳಿದರೂ ಸಭೆ ತಲೆದೂಗುವುದು, ಚಪ್ಪಾಳೆ ತಟ್ಟುವುದು, ಕಾಫಿಗೆ ಏಳುವುದು. ಒಂದು ಭಾನುವಾರ ಅವರು ನನ್ನ ಅಡುಗೆಮನೆಯಲ್ಲಿ ಕುಳಿತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನನ್ನನ್ನ ಗೋಡೆ ಮೇಲಿನ ಪಟ ಮಾಡ್ಬಿಟ್ಟಿದಾರೆ ಕಣ್ರೀ. ಮುಂದೆ ದೀಪ ಹಚ್ಚೋದೊಂದು ಬಾಕಿ."

ಇಂಥ ಹೊತ್ತಿನಲ್ಲಿ ಗೌರವ ಬಂತು. ಭೂಮಿಯ ಒಡಲನ್ನು ಅರಿಯಲು ಜೀವ ಸವೆಸಿದವರೊಬ್ಬರನ್ನು ಆರಿಸಿ ಸಂಘ ಪ್ರತಿವರ್ಷ ಏರ್ಪಡಿಸುವ ಗೌರವ ಉಪನ್ಯಾಸ ಅದು. ಅವರ ಲೋಕದಲ್ಲಿ ಅದಕ್ಕಿಂತ ಎತ್ತರದ ಪೀಠವಿಲ್ಲ. ಕಾರ್ಯದರ್ಶಿ ಸಾಬಿನಾ ಕ್ರೇತ್ಸು ಎಂಬಾಕೆ ಸ್ವತಃ ಮೆಟ್ಟಿಲೇರಿ, ಅಕ್ರೋಟು ತುಂಬಿದ ಸಿಹಿರೊಟ್ಟಿ ಹಿಡಿದು ಬಂದಳು. ಒಳ್ಳೆಯ ಹುಡುಗಿ, ಅಂದರೆ ನಮ್ಮ ಕಣ್ಣಿಗೆ ಹುಡುಗಿ, ಆಗಲೇ ಐವತ್ತರ ಹತ್ತಿರ. ಉಪನ್ಯಾಸಕ್ಕೆ ಅವರನ್ನು ಒಪ್ಪಿಸುವ ಕೆಲಸಕ್ಕೆ ಸಾಕ್ಷಿಯಾಗಲೆಂದು ನನ್ನನ್ನೂ ಎಳೆದುಕೊಂಡು ಹೋಗಿದ್ದಳು.

ವೆತುರಿಯಾ ಎಲ್ಲವನ್ನೂ ಕೇಳಿ, "ಪ್ರಶ್ನೆಗೆ ಎಷ್ಟು ಹೊತ್ತು?" ಎಂದರು.

"ಗೌರವ ಉಪನ್ಯಾಸಕ್ಕೆ ಪ್ರಶ್ನೆ ಇರಲ್ಲ ಮೇಡಂ. ನಿಮಗೇ ಗೊತ್ತಲ್ಲ."

"ಯಾಕಿರಲ್ಲ?"

"ಸಂಪ್ರದಾಯ."

"ಆ ಸಂಪ್ರದಾಯ ಹುಟ್ಟಿದಾಗ ನಾನಿದ್ದೆ ಕಣೇ. ಮೊದಲ ಸಲ ಮಾತಾಡಿದವ್ರಿಗೆ ಕಿವಿ ಕೇಳಿಸ್ತಿರ್ಲಿಲ್ಲ. ಪ್ರಶ್ನೆ ಕೇಳಿದ್ರೆ ಇನ್ನೇನೋ ಉತ್ತರ ಕೊಟ್ಟಾರು ಅಂತ ಬೇಡ ಅಂದ್ರು. ಮಾರನೇ ವರ್ಷ ಅದೇ ಸಂಪ್ರದಾಯ ಆಯ್ತು. ನಂಗೆ ಕಿವಿ ಚೆನ್ನಾಗೇ ಇದೆ."

ಸಾಬಿನಾ ನಕ್ಕಳು, ಆದರೆ ಬಗ್ಗಲಿಲ್ಲ. "ಸಚಿವಾಲಯದವ್ರು ಬರ್ತಾರೆ, ಹೊರದೇಶದವ್ರು ಬರ್ತಾರೆ. ಯಾವನಾದ್ರೂ ತಲೆಹರಟೆ ಎದ್ದು ನಿಮಗೆ ಮುಜುಗರ ಮಾಡಿದ್ರೆ? ಇದು ನಿಮ್ಮ ದಿನ ಮೇಡಂ. ಹೂವು ತಗೊಳ್ಳಿ, ಪದಕ ಹಾಕಿಸ್ಕೊಳ್ಳಿ, ಊಟ ಮಾಡಿ. ಒಂದಿನ ಸುಮ್ನೆ ಇರೋಕೆ ಏನು ಕಷ್ಟ?"

"ಹೂವು, ಪದಕ, ಊಟ," ಎಂದು ವೆತುರಿಯಾ ಮೆಲ್ಲಗೆ ಪುನರುಚ್ಚರಿಸಿದರು. "ಇದನ್ನೆಲ್ಲ ನಾನು ಸತ್ತಾಗಲೂ ಮಾಡ್ತೀರಿ. ಬದುಕಿರೋವಾಗ ಒಂದು ಪ್ರಶ್ನೆ ಕೊಡಕ್ಕಾಗಲ್ವಾ?"

ಅವರ ಹಟಕ್ಕೆ ನಿಜವಾದ ಕಾರಣವಿತ್ತು. ದಶಕಗಳ ದಾಖಲೆಯನ್ನೆಲ್ಲ ಒಟ್ಟುಮಾಡಿ, ಹೊಸ ಗಣಕಗಳಲ್ಲಿ ಹೂಡಿ, ಅವರು ಆ ಚಳಿಗಾಲದಲ್ಲಿ ಬೆಟ್ಟದ ಒಡಲಿನ ಒಂದು ಚಿತ್ರ ತೆಗೆದಿದ್ದರು. ಅದರಲ್ಲಿ ಕೊಂಡಿ ಸ್ಪಷ್ಟವಾಗಿ ಕಾಣುತ್ತಿತ್ತು: ಮುಳುಗುವ ಚಪ್ಪಡಿಯಿಂದ ಮೇಲಿನ ನೆಲದವರೆಗೆ ಗಟ್ಟಿಯಾದ ನೀಲಿ ಕಂಬ. ಜೀವಮಾನದ ವಾದಕ್ಕೆ ಸಿಕ್ಕ ಜಯ. ಕಟ್ಟಡಗಳನ್ನು ಭದ್ರಪಡಿಸುವ ಸರಕಾರಿ ಸಮಿತಿ ಆ ಚಿತ್ರವನ್ನೇ ಆಧಾರವಾಗಿಟ್ಟು, ಕೆಂಪು ಗುರುತಿನ ಮನೆಗಳಲ್ಲಿ ಯಾವ ಕೇರಿಯವಕ್ಕೆ ಮೊದಲು ಕಬ್ಬಿಣ ತುಂಬಬೇಕು, ಯಾವುವು ಕಾಯಬಹುದು ಎಂದು ತೀರ್ಮಾನಿಸುವುದರಲ್ಲಿತ್ತು. ಚಿತ್ರ ತಪ್ಪಾಗಿದ್ದರೆ ಕಾಯಬಾರದ ಮನೆಗಳು ಕಾಯುತ್ತವೆ. ಆ ಮನೆಗಳಲ್ಲಿ ಜನ ಮಲಗಿರುತ್ತಾರೆ.

"ಇಷ್ಟು ಚೆನ್ನಾಗಿ ಬರಬಾರದಿತ್ತು," ಎಂದು ಅವರು ನನ್ನೊಡನೆ ಕಳವಳಪಟ್ಟರು. "ಭೂಮಿ ಯಾವತ್ತೂ ಇಷ್ಟು ನೀಟಾಗಿ ಮಾತಾಡಿಲ್ಲ. ಎಲ್ಲೋ ತಪ್ಪಿದೆ, ನನ್ನ ಕಣ್ಣಿಗೆ ಕಾಣ್ತಿಲ್ಲ. ಹತ್ತು ಜನಕ್ಕೆ ತೋರಿಸ್ದೆ. ಎಲ್ರೂ ಚೆನ್ನಾಗಿದೆ ಅಂದ್ರು. ಚೆನ್ನಾಗಿದೆ ಅನ್ನೋದು ಮದುವೆ ಹುಡುಗಿಗೆ ಹೇಳೋ ಮಾತು!"

"ಅಕೀಮ್ ಅವರಿಗೆ ತೋರಿಸಿದಿರಾ?"

"ಫೋನ್ ಮಾಡ್ದೆ. 'ನಿಂಗೆ ಗೌರವ ಸಿಗೋ ಹೊತ್ತಲ್ಲಿ ನಾನ್ಯಾಕೆ ಬಾಯಿ ಹಾಕ್ಲಿ' ಅಂದ, ಅಯೋಗ್ಯ. ಚಿತ್ರ ಕಳಿಸ್ಬೇಡ ಅಂದ. ನನ್ನ ಮೇಲೆ ಕರುಣೆ ತೋರಿಸ್ತಾನೆ ಕಣ್ರೀ ಅವನು!" ಆ ಮನುಷ್ಯನ ಕ್ರೌರ್ಯವನ್ನೆಲ್ಲ ನಗುನಗುತ್ತ ತಿಂದವರಿಗೆ ಕರುಣೆ ಮಾತ್ರ ಜೀರ್ಣವಾಗಲಿಲ್ಲ.

ಎರಡು ದಿನದ ಮೇಲೆ ಅವರು ಸಾಬಿನಾಗೆ ಹೇಳಿ ಕಳಿಸಿದರು: ಒಪ್ಪಿದ್ದೇನೆ, ಸಂಪ್ರದಾಯದಂತೆಯೇ ಆಗಲಿ. ಸಾಬಿನಾ ನಿಟ್ಟುಸಿರಿಟ್ಟಳು. ವೆತುರಿಯಾ ಇಷ್ಟು ಸುಲಭವಾಗಿ ಒಪ್ಪಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಮಾರ್ಚಿನ ಮೊದಲ ವಾರ. ಸಭಾಂಗಣದಲ್ಲಿ ಎಲ್ಲರ ಎದೆಯ ಮೇಲೂ ವಸಂತ ಬಂತೆಂದು ಧರಿಸುವ ಕೆಂಪು ಬಿಳಿ ದಾರದ ಕುಚ್ಚು. ವೆತುರಿಯಾ ಕೂಡ ತಮ್ಮ ಕುರಿತೊಗಲಿಗೆ ಒಂದನ್ನು ಸಿಕ್ಕಿಸಿಕೊಂಡಿದ್ದರು. ಅಷ್ಟೇ ಅವರ ಅಲಂಕಾರ. ಆಹ್ವಾನಪತ್ರಿಕೆಯ ಕೊನೆಯಲ್ಲಿ, ವಾಡಿಕೆಯಂತೆ, ಉಪನ್ಯಾಸದ ನಂತರ ಪ್ರಶ್ನೆಗಳಿಲ್ಲ ಎಂದು ಅಚ್ಚಾಗಿತ್ತು. ಅಕೀಮ್ ಲೂಂಗು ಮಗಳ ಕೈ ಹಿಡಿದು ಬಂದು ನಡುವಿನ ಸಾಲಿನಲ್ಲಿ ಕುಳಿತರು. ಅಧ್ಯಕ್ಷರು ಹೊಗಳಿದರು, ಸಚಿವಾಲಯದವರು ಹೊಗಳಿದರು, ಹೊರದೇಶದವರು ಕಾಗದ ನೋಡಿಕೊಂಡು ಹೊಗಳಿದರು. ಬೆಳಗಿನ ಹೊತ್ತಿನಲ್ಲೇ ನನಗೆ ತೂಕಡಿಕೆ ಬರುವಷ್ಟು ಹೊಗಳಿಕೆಯಾದ ಮೇಲೆ, ಪದಕ ಹಾಕಿಸಿಕೊಂಡು ವೆತುರಿಯಾ ಮಾತಿಗೆ ಎದ್ದರು.

ಅವರು ಚೆನ್ನಾಗಿ ಮಾತಾಡಿದರು ಎಂದು ಬರೆದರೆ ಅವರಿಗೆ ಸಿಟ್ಟು ಬರುತ್ತದೆ, ಆದರೂ ನಿಜ. ಒಂದು ಕಂಪನದ ಅಲೆ ಬಂಡೆಯೊಳಗೆ ಹೇಗೆ ಓಡುತ್ತದೆ, ಗಟ್ಟಿ ನೆಲದಲ್ಲಿ ಹೇಗೆ ಬೇಗ ಬರುತ್ತದೆ, ಬಿಸಿ ನೆಲದಲ್ಲಿ ಹೇಗೆ ತಡವಾಗುತ್ತದೆ, ಆ ಬೇಗ ತಡಗಳಿಂದಲೇ ಕಾಣದ ಒಡಲನ್ನು ಹೇಗೆ ಊಹಿಸಬೇಕು ಎಂಬುದನ್ನೆಲ್ಲ ಬೇಕರಿಯ ಹೆಂಗಸಿಗೂ ತಿಳಿಯುವಂತೆ ಹೇಳಿದರು. ಆಮೇಲೆ ಆ ಚಿತ್ರ ತೋರಿಸಿದರು. ನೀಲಿ ಕಂಬ ಕಂಡೊಡನೆ ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಅಲ್ಲಿಗೆ ಅವರು ಮಾತು ನಿಲ್ಲಿಸಿದರು.

"ನನ್ನ ಹೊತ್ತಿನಲ್ಲಿ ಇನ್ನೂ ಅರ್ಧ ಉಳಿದಿದೆ," ಎಂದರು. "ಅದು ನಂದು. ಅದನ್ನ ನಾನು ಕೇಳಿಸ್ಕೊಳ್ಳೋದಕ್ಕೆ ಇಟ್ಕೊಂಡಿದೀನಿ. ಉಪನ್ಯಾಸದ ನಂತರ ಪ್ರಶ್ನೆ ಇಲ್ಲ, ಒಪ್ಪಿದೀನಿ. ಆದ್ರೆ ಉಪನ್ಯಾಸ ಇನ್ನೂ ಮುಗಿದಿಲ್ಲ. ಈ ಚಿತ್ರದಲ್ಲಿ ಏನು ತಪ್ಪಿದೆ, ಹೇಳಿ."

ಅಧ್ಯಕ್ಷರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು, ಹಿಂದಕ್ಕೆ ಸರಿದರು. ಸಾಬಿನಾ ಮುಖ ಕೆಂಪಗೆ ಮಾಡಿಕೊಂಡು, ಉಪನ್ಯಾಸ ಮುಗಿಸಲು ಇದೇ ದಾರಿಯೆಂದು ಹೂಗುಚ್ಛ ಹಿಡಿದು ವೇದಿಕೆಯತ್ತ ಹೊರಟಳು.

"ಹೂವು ಇನ್ನೂ ಸ್ವಲ್ಪ ಹೊತ್ತು ಬಾಡಲ್ಲ ಸಾಬಿನಾ, ಕೂತ್ಕೊಳಮ್ಮ," ಎಂದರು ವೆತುರಿಯಾ.

ಹಿಂದಿನಿಂದ ಯಾರೋ, "ಕೇಳೋದೇನಿದೆ ಮೇಡಂ, ನಿಮಗೆ ಕೃತಜ್ಞತೆ ಹೇಳೋದಷ್ಟೇ ನಮ್ಮ ಭಾಗ್ಯ," ಎಂದ. ಸಭೆ ಚಪ್ಪಾಳೆ ತಟ್ಟಿತು. ಅವರು ಚಪ್ಪಾಳೆ ನಿಲ್ಲುವ ತನಕ ಕಾದರು. ನಾನು ಅವರ ಮುಖ ನೋಡಲಾರದೆ ನೆಲ ನೋಡಿದೆ. ಬಾಯಾರಿದವರಿಗೆ ಹಾರ ಹಾಕಿದಂತಿತ್ತು ಅದು.

"ಸರಿ, ನಾನೇ ಕೇಳ್ತೀನಿ," ಎಂದರು. "ಕೆಂಪು ಗುರುತಿರೋ ಮನೇಲಿ ಯಾರ್ಯಾರು ವಾಸ ಮಾಡ್ತೀರಿ? ಕೈ ಎತ್ತಿ."

ಮೊದಲು ಒಂದೆರಡು ಕೈ ಎದ್ದವು, ಆಮೇಲೆ ಹತ್ತಾರು. ನಾನೂ ಎತ್ತಿದೆ. ಅಧ್ಯಕ್ಷರೂ, ಇದೇನು ಗ್ರಹಚಾರ ಎಂಬಂತೆ, ಎತ್ತಿದರು. ಸಾಬಿನಾ ಕೂಡ ಹೂಗುಚ್ಛದ ಜತೆಗೇ ಎತ್ತಿದಳು.

"ನಾನು ತಪ್ಪಿದ್ರೆ ನಿಮ್ಮ ತಲೆ ಮೇಲೆ ಬೀಳೋದು ನನ್ನ ತಪ್ಪು. ಆದ್ರೂ ಕೇಳೋದಕ್ಕೇನೂ ಇಲ್ವಾ?"

ಆಗ ನಡುವಿನ ಸಾಲಿನಲ್ಲಿ ಅಕೀಮ್ ಲೂಂಗು ಎದ್ದರು. ಮಗಳು ತೋಳು ಹಿಡಿದು ಜಗ್ಗಿದಳು. ಅವರು ಅವಳ ಕೈಯನ್ನು ಮೆಲ್ಲಗೆ ಬಿಡಿಸಿದರು. ಅವರ ಕಣ್ಣು ಇಷ್ಟು ಹೊತ್ತೂ ಚಿತ್ರದ ಮೇಲೇ ನೆಟ್ಟಿತ್ತೆಂಬುದನ್ನು ಆಗ ಗಮನಿಸಿದೆ.

"ವೆತುರಿಯಾ, ನಂಗೊಂದು ಅರ್ಥ ಆಗ್ಲಿಲ್ಲ."

ಸಭೆ ನಕ್ಕಿತು. ಅವರಿಬ್ಬರು ನಗಲಿಲ್ಲ. ವೆತುರಿಯಾ ಮುಖದಲ್ಲಿ ಆ ಕ್ಷಣ ಮೂಡಿದ ಬೆಳಕನ್ನು ಪದಕ ಕೊಟ್ಟಾಗ ನಾನು ಕಂಡಿರಲಿಲ್ಲ.

"ನಿನ್ನ ನೀಲಿ ಕಂಬ ನಿಂತಿರೋದು ಯಾವುದರ ಕೆಳಗೆ?"

"ಕಣಿವೇಲಿರೋ ಅರಣ್ಯ ಇಲಾಖೆ ಮನೆ ಕೆಳಗೆ."

"ಆ ಮನೇಲಿ ನಮ್ಮ ಯಂತ್ರ ಇತ್ತಲ್ವಾ?"

"ಹೌದು. ನೀನೂ ನಾನೂ ಹೂತಿದ್ದು. ಎಲ್ಲಕ್ಕಿಂತ ಜಾಸ್ತಿ ವರ್ಷ ಬಾಳಿದ್ದು ಅದೇ. ಆ ಕಣಿವೇಲಿ ಬೇರೆ ಯಂತ್ರ ಇಲ್ಲ."

"ನೆನಪು ಮಾಡ್ಕೋ ಮಾರಾಯ್ತಿ. ನಾವು ಅದನ್ನ ಎಲ್ಲಿ ಹೂತ್ವಿ?"

ವೆತುರಿಯಾ ಚಿತ್ರದತ್ತ ತಿರುಗಿದರು. ಭಾಷಣದ ಮೇಜನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬಿದ್ದುಬಿಡುತ್ತಾರೇನೋ ಎಂದು ನಾನು ಅರ್ಧ ಎದ್ದೆ.

"ಮಠದಲ್ಲಿ," ಎಂದರು. "ದೇವರೇ. ಮಠದ ನೆಲಮಾಳಿಗೇಲಿ."

ಆಮೇಲೆ ಅವರೇ ಸಭೆಗೆ ವಿವರಿಸಿದರು, ಒಂದು ಮಾತನ್ನೂ ಮುಚ್ಚಿಡದೆ. ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯ ಕಾಲವದು. ಆ ಬೆಟ್ಟದಲ್ಲಿ ಎಲ್ಲಕ್ಕಿಂತ ನಿಶ್ಶಬ್ದವಾದ ನೆಲ ಇದ್ದದ್ದು ಮೇಲಿನ ಮಠದ ಅಡಿಯ ಬಂಡೆಯಲ್ಲಿ. ಆದರೆ ಸರಕಾರದ ಯಂತ್ರವನ್ನು ದೇವರ ಮನೆಯಲ್ಲಿಟ್ಟು ಸನ್ಯಾಸಿಗಳ ವಶಕ್ಕೆ ಕೊಟ್ಟರೆಂದು ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತಿತ್ತು, ಮಠಕ್ಕೂ ಬೀಗ ಬೀಳುತ್ತಿತ್ತು. ಹಾಗಾಗಿ ಮೇಲಿನವರಿಗೆ, ಯಂತ್ರ ಕಣಿವೆಯ ಅರಣ್ಯ ಇಲಾಖೆಯ ಮನೆಯಲ್ಲಿದೆ ಎಂದು ಹೇಳಿದರು. ಆ ಕಾಲದಲ್ಲಿ ಅಂಥ ಸುಳ್ಳು ಹೇಳದವರಾರು? ನಾವೆಲ್ಲ ಒಂದಲ್ಲ ಒಂದು ಸುಳ್ಳಿನ ನೆರಳಲ್ಲಿ ಬದುಕಿದವರೇ. ಆಳ್ವಿಕೆ ಬಿದ್ದ ಮೇಲೆ ಉಳಿದದ್ದೆಲ್ಲ ಬದಲಾಯಿತು. ಈ ಸುಳ್ಳನ್ನು ಹಿಂತೆಗೆದುಕೊಳ್ಳಲು ಯಾರಿಗೂ ನೆನಪಾಗಲಿಲ್ಲ. ಹೇಳಿ ಹೇಳಿ ಅದು ಹೇಳಿದವರಿಗೇ ಸತ್ಯವಾಗಿಬಿಟ್ಟಿತ್ತು. ಯಂತ್ರ ಇಲ್ಲದ ಜಾಗದಲ್ಲಿ ಯಂತ್ರವಿದೆಯೆಂದು ಲೆಕ್ಕ ಹಾಕಿದರೆ ಅಲೆಗಳು ಬರಬೇಕಾದ ಹೊತ್ತಿಗೂ ಬಂದ ಹೊತ್ತಿಗೂ ತಾಳೆಯಾಗುವುದಿಲ್ಲ. ಆ ತಾಳೆಯಿಲ್ಲದ್ದನ್ನು ಅವರು ಭೂಮಿಯ ವಿಶೇಷವೆಂದು ಓದಿ, ಅಲ್ಲೊಂದು ಗಟ್ಟಿ ಕಂಬವನ್ನು ಕಂಡಿದ್ದರು.

"ಹಾಗಾದ್ರೆ ನನ್ನ ಕಂಬ ನಿಜವೋ ಅಲ್ವೋ?" ಎಂದು ತಮ್ಮನ್ನೇ ಕೇಳಿಕೊಂಡು, ಸಭೆಯ ಕಡೆ ತಿರುಗಿ, "ಗೊತ್ತಿಲ್ಲ," ಎಂದರು. "ಈಗ ಉಪನ್ಯಾಸ ಮುಗೀತು. ಸಾಬಿನಾ, ಹೂವು ಕೊಡು."

ಊಟಕ್ಕೆ ಅವರು ಬರಲಿಲ್ಲ. ಎಲೆಕೋಸಿನಲ್ಲಿ ಸುತ್ತಿದ ಮಾಂಸದ ಸುರುಳಿಗಳು ಸಚಿವಾಲಯದವರ ಪಾಲಾದವು. ಕುರಿತೊಗಲಿನ ಮೇಲೆ ಪದಕ ಹಾಕಿಕೊಂಡೇ ವೆತುರಿಯಾ, ಮಗಳಿಂದ ಬಿಡಿಸಿಕೊಂಡ ಅಕೀಮ್, ಅವರಿಬ್ಬರ ನಡುವೆ ಹೂಗುಚ್ಛ ಹೊತ್ತ ನಾನು, ಟ್ರಾಮ್ ಹಿಡಿದು ಅವರ ಸಂಶೋಧನಾ ಸಂಸ್ಥೆಗೆ ಹೋದೆವು. ಮಧ್ಯಾಹ್ನವಿಡೀ ಇಬ್ಬರೂ ಗಣಕದ ಮುಂದೆ ಭುಜಕ್ಕೆ ಭುಜ ತಾಗಿಸಿ ಕುಳಿತು, ಯಂತ್ರವನ್ನು ಕಣಿವೆಯಿಂದೆತ್ತಿ ಮಠಕ್ಕೆ ಸಾಗಿಸಿ, ಲೆಕ್ಕವನ್ನು ಮತ್ತೆ ಓಡಿಸಿದರು. ನೀಲಿ ಕಂಬ ನಮ್ಮ ಕಣ್ಣೆದುರೇ ಕರಗಿಹೋಯಿತು.

ಅಕೀಮ್ ಗೆದ್ದರೆಂದು ನಾನು ತಿಳಿದೆ. ಅವರ ಮುಖ ನೋಡಿದರೆ ಅಲ್ಲಿ ಗೆಲುವಿರಲಿಲ್ಲ. ಕಂಬ ಕರಗಿದಲ್ಲಿ ಅವರ ಬಿರುಕೂ ಇರಲಿಲ್ಲ. ಬರಿಯ ಮಸುಕು ಬೂದು. ಅವರ ಬಿರುಕಿಗೂ ಅದೇ ಯಂತ್ರವೇ ಸಾಕ್ಷಿಯಾಗಿತ್ತು.

"ನಾನೂ ಅದೇ ಸುಳ್ಳಿನ ಅನ್ನ ತಿಂದು ಬೆಳ್ದೋನಲ್ವೇನೇ," ಎಂದು ಅಕೀಮ್ ನಗತೊಡಗಿದರು. ಎದೆ ಹಿಡಿದುಕೊಂಡು ನಕ್ಕರು. "ಇಷ್ಟು ವರ್ಷ ಕಚ್ಚಾಡಿದ್ವಲ್ಲೇ!"

"ಯಾಕೋ ಮೊದಲೇ ಕೇಳಲಿಲ್ಲ?" ಎಂದು ವೆತುರಿಯಾ ಅವರ ತೋಳಿಗೆ ಗುದ್ದಿದರು. "ಕರುಣೆಯಂತೆ, ಕರುಣೆ! ನಿನ್ನ ಕರುಣೆಯಿಂದ ಜನ ಸಾಯ್ತಿದ್ರು." ಹೇಳುತ್ತ ಅತ್ತುಬಿಟ್ಟರು. ಅದು ನಾಚಿಕೆಯ ಅಳು, ಭಯದ ಅಳು, ಜತೆಗೆ ದೊಡ್ಡ ಸಮಾಧಾನದ ಅಳು ಕೂಡ. ನಾನು ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಮೂಗೊರೆಸಿಕೊಂಡು ಅವರು ಮಾಡಿದ ಮೊದಲ ಕೆಲಸ, ಕಟ್ಟಡ ಸಮಿತಿಯ ಮುಖ್ಯಸ್ಥರಿಗೆ ಫೋನು. ಆ ಕಡೆಯವರು ಎಲ್ಲ ಆಗಲೇ ಅಚ್ಚಾಗಿದೆ ಎಂದು ಗೊಣಗಿದ್ದು ನನಗೂ ಕೇಳಿಸಿತು.

"ಅಚ್ಚಾಗಿದ್ರೆ ಹರಿದು ಹಾಕಿ. ಕಾಗದ ಹರೀಬಹುದು. ಕಬ್ಬಿಣ ಬೇರೆ ಕೇರಿಗೆ ಹೋದ್ಮೇಲೆ ಏನು ಹರೀತೀರಿ?"

ಹರಿದುಹಾಕಿದರು, ಬೈದುಕೊಂಡು. ಗೌರವ ಪಡೆದ ವೇದಿಕೆಯಲ್ಲೇ ಗೌರವ ಕಳೆದುಕೊಂಡರೆಂದು ಒಂದು ಪತ್ರಿಕೆ ಬರೆಯಿತು. ಸಾಬಿನಾ ಬಹಳ ದಿನ ಮುನಿಸಿಕೊಂಡಿದ್ದಳು, ಆಮೇಲೊಂದು ದಿನ ತಾನೇ ಬಂದು, "ನಮ್ಮನೆ ಯಾವ ಕಡೆಗೆ ಬರುತ್ತೆ ಮೇಡಂ, ಮೊದಲಿಗೋ ಕಾಯೋದಕ್ಕೋ?" ಎಂದು ಕೇಳಿದಳು. "ಇನ್ನೂ ಗೊತ್ತಿಲ್ಲ ಮಗಳೇ, ಗೊತ್ತು ಮಾಡ್ಕೊಳ್ತಿದೀನಿ," ಎಂದರು ಅವರು. ಬೇಸಗೆಯ ಹೊತ್ತಿಗೆ, ಆ ವಯಸ್ಸಿನಲ್ಲಿ, ಇಬ್ಬರೂ ಮತ್ತೆ ವ್ರಾಂಚಾ ಬೆಟ್ಟಕ್ಕೆ ಹೊರಟರು. ಕಣಿವೆಯಲ್ಲೊಂದು, ಮಠದಲ್ಲೊಂದು, ನಡುವಿನ ಇಳಿಜಾರಿನಲ್ಲಿ ಸಾಲಾಗಿ ಹಲವು ಹೊಸ ಯಂತ್ರಗಳನ್ನಿಡಲು. ಅಕೀಮರ ಮಗಳೂ ಜತೆಗೆ ಹೋದಳು, ಅಪ್ಪನ ಮಾತ್ರೆಗಳನ್ನು ಹಿಡಿದು. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರೆಂದು ಅವಳು ಬಂದು ದೂರಿದಳು. ದೂರುವಾಗ ಅವಳ ಮುಖದಲ್ಲಿ ನಗುವಿತ್ತು.

ಈ ಜನರ ಜಾತಿಯನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ನಕ್ಷತ್ರ ನೋಡುವವನಿಗೆ ನಕ್ಷತ್ರ ಕಾಣುತ್ತದೆ, ರೋಗ ನೋಡುವವನಿಗೆ ರೋಗಿ ಎದುರಿಗಿರುತ್ತಾನೆ. ಭೂಮಿಯ ಒಡಲನ್ನು ಅರಿಯಹೊರಟವರು ಮಾತ್ರ ತಾವು ಅರಿತದ್ದನ್ನು ಎಂದೂ ಕಾಣದೆಯೇ ಸಾಯಬೇಕು. ಅಲ್ಲಿಗೆ ಇಳಿದು ನೋಡಿ ಬಂದವರಿಲ್ಲ. ನೀನು ಸರಿ, ನೀನು ತಪ್ಪು ಎಂದು ಹೇಳಲು ಅಲ್ಲಿಂದ ಯಾರೂ ಎದ್ದು ಬರುವುದಿಲ್ಲ. ಅವರಿಗಿರುವ ಕಣ್ಣು ಒಂದೇ: ತಮ್ಮಷ್ಟೇ ತಿಳಿದ ಇನ್ನೊಬ್ಬ ಮನುಷ್ಯನ ಅನುಮಾನ. ನಾವು ಪ್ರೀತಿಯಿಂದ, ಭಕ್ತಿಯಿಂದ, ವಯಸ್ಸಿಗೆ ಮರ್ಯಾದೆ ಎಂದು ಆ ಅನುಮಾನವನ್ನು ನುಂಗಿಕೊಂಡು ಚಪ್ಪಾಳೆ ತಟ್ಟಿದಾಗಲೆಲ್ಲ ಅಂಥವರನ್ನು ಆ ಕತ್ತಲೆಯಲ್ಲಿ ಒಂಟಿಯಾಗಿ ಬಿಟ್ಟು ಮೇಲೆ ಬಂದಿರುತ್ತೇವೆ.